ಮೊಟ್ಟೆಯ ಟ್ರೇಯಲ್ಲಿ ಎಂಟು ವಾಲ್ವು

ನಮ್ಮ ದೇವರ ಕೋಣೆಯ ಗೂಡಿನಲ್ಲಿ, ಬತ್ತಿಯ ಡಬ್ಬಿಗೂ ಗಂಧದ ಕೊರಡಿಗೂ ನಡುವೆ, ಒಂದು ಗೇಣುದ್ದದ ಮರದ ಕೋಲು ಇದೆ. ಅದರ ಎರಡು ತುದಿಗೂ ಕಪ್ಪು ರಬ್ಬರಿನ ಪುಟ್ಟ ಬಟ್ಟಲುಗಳು. ಮನೆಗೆ ಬಂದ ನೆಂಟರು ಪೂಜೆಯ ಸಾಮಾನೇ ಇರಬೇಕೆಂದು ತಿಳಿದು ಅದನ್ನು ಬಹಳ ಗೌರವದಿಂದ ನೋಡುತ್ತಾರೆ. ದೂರದ ಸಂಬಂಧದ ಪುರೋಹಿತರೊಬ್ಬರು ಇದು ಯಾವ ಹೋಮಕ್ಕೆ ಬೇಕಾಗುತ್ತದೆ ಎಂದು ಕೇಳಿಯೂ ಬಿಟ್ಟರು. ನಾನು ನಿಜ ಹೇಳಿದೆ: ಇದು ಕಾರಿನ ಎಂಜಿನಿನ ವಾಲ್ವು ಉಜ್ಜುವ ಕೋಲು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಅವರು ಕಾಫಿ ಕುಡಿದು ಹೊರಟುಹೋದರು.

ಅದನ್ನು ಅಲ್ಲಿ ಇಟ್ಟದ್ದು ನಾನಲ್ಲ, ಅಮ್ಮ. ಆಯುಧಪೂಜೆಯ ದಿನ ಕುಂಕುಮ ಹಚ್ಚಿ ಇಟ್ಟವರು ಮತ್ತೆ ತೆಗೆಯಲಿಲ್ಲ. ಎಂಬತ್ತಮೂರು ವರ್ಷದ ಅಮ್ಮನಿಗೂ ಎಂಜಿನಿನ ವಾಲ್ವಿಗೂ ಎತ್ತಣಿಂದೆತ್ತ ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ನನ್ನ ಕೈಗಳ ವಿಚಾರ ಹೇಳಬೇಕು.

ನಮ್ಮದು ಬೋಳಾರದಲ್ಲಿ ಅರ್ಚಕರ ಮನೆ. ಅಜ್ಜ, ಅಪ್ಪ, ಈಗ ತಮ್ಮ, ಎಲ್ಲರೂ ಪಕ್ಕದ ಒಂದು ಸಣ್ಣ ದೇವಸ್ಥಾನದಲ್ಲಿ ಪೂಜೆ ಮಾಡಿದವರು. ಹಿರಿಯ ಮಗನಾದ ನಾನು ಮಾತ್ರ ಒಂದು ಕಾಲೇಜಿನ ಆಫೀಸಿನಲ್ಲಿ ಕಾಗದ ಜೋಡಿಸಿ ನಿವೃತ್ತನಾದೆ. ಅದಕ್ಕೆ ಕಾರಣ ವಿದ್ಯೆಯಲ್ಲ, ಕೈ. ಬೆಳಗ್ಗೆ ಗಂಧ ತೇಯಲು ಕೂರಿಸಿದರೆ ನೀರು ಹೆಚ್ಚಾಗಿ ಗಂಧ ಕಲ್ಲಿನಿಂದ ಇಳಿದು ನನ್ನ ಪಂಚೆಗೆ ಬರುತ್ತಿತ್ತು. ಗಂಟೆ ಹಿಡಿದರೆ ನಾಲಗೆ ಕಳಚುತ್ತಿತ್ತು. ಅಲಾರಂ ಗಡಿಯಾರವನ್ನು ಬಿಚ್ಚಿ ಜೋಡಿಸಿದಾಗ ಮೂರು ಚಕ್ರ ಉಳಿದವು. ಅಷ್ಟಾದರೂ ಅದು ನಡೆಯುತ್ತಿತ್ತು, ಹಿಂದಕ್ಕೆ.

ಅಪ್ಪ ಬೈಯುತ್ತಿದ್ದರು. ಬೈದದ್ದು ಮರೆತುಹೋಗುತ್ತದೆ. ಮರೆಯದೆ ಉಳಿದದ್ದು ಅಮ್ಮನ ಪ್ರೀತಿಯ ಮಾತು. ನಾನು ಏನನ್ನು ಕೈಗೆತ್ತಿಕೊಂಡರೂ ಎಲ್ಲಿಂದಲೋ ಅಮ್ಮ ಪ್ರತ್ಯಕ್ಷರಾಗಿ, "ಬಿಡು ಮಗಾ, ನಾನು ಮಾಡ್ತೇನೆ" ಎಂದು ಮೆಲ್ಲಗೆ ಅದನ್ನು ತೆಗೆದುಕೊಳ್ಳುತ್ತಿದ್ದರು. ಪುಸ್ತಕಕ್ಕೆ ಬೈಂಡು ಹಾಕುವುದು, ಕೊಡೆಯ ಕಡ್ಡಿ ಕಟ್ಟುವುದು, ಹಲಸಿನಹಣ್ಣು ಬಿಡಿಸುವುದು, ಯಾವುದನ್ನೂ ನಾನು ಕೊನೆಯವರೆಗೆ ಮಾಡಿದ ನೆನಪಿಲ್ಲ. ನನ್ನ ಮದುವೆಯಲ್ಲಿ ತಾಳಿಯ ಮೂರನೆಯ ಗಂಟು ಬೀಳದೆ ನಾನು ಒದ್ದಾಡುವಾಗ ಹಿಂದಿನಿಂದ ಒಂದು ಕೈ ಬಂತಂತೆ. ಅದು ನಾದಿನಿಯದ್ದೆಂದು ನನ್ನ ಹೆಂಡತಿ ವತ್ಸಲ ತಿಳಿದಿದ್ದಳು. ತಿರುಗಿ ನೋಡಿದರೆ ಅತ್ತೆ. ಇದನ್ನು ಅವಳು ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ.

ಇನ್ನು ಕಾರು. ಇಪ್ಪತ್ತೆರಡು ವರ್ಷದ ಸಣ್ಣ ಪೆಟ್ರೋಲ್ ಕಾರು. ಕಳೆದ ವರ್ಷದಿಂದ ಅದಕ್ಕೆ ಏದುಸಿರು ಹಿಡಿದಿತ್ತು. ಸಿಗ್ನಲಿನಲ್ಲಿ ನಿಂತರೆ ಚಳಿಜ್ವರ ಬಂದ ಹಾಗೆ ನಡುಗುತ್ತಿತ್ತು. ಏರು ಬಂದರೆ ಹಿಂದಿನ ಬಸ್ಸಿನವರು ಹಾರ್ನ್ ಹಾಕಿ ನನ್ನ ಪೂರ್ವಿಕರನ್ನೆಲ್ಲ ನೆನೆಯುತ್ತಿದ್ದರು. ಕೊನೆಗೊಮ್ಮೆ ಕುಲಶೇಖರದ ಹಿಲರಿ ಪೊರ್ಬುಗಳ ಗ್ಯಾರೇಜಿಗೆ ಒಯ್ದೆ. ನಮ್ಮ ಕಡೆ ಕೊಂಕಣಿ ಕ್ರೈಸ್ತರನ್ನು ತುಳುವರು ಗೌರವದಿಂದ ಪೊರ್ಬುಗಳೆಂದೇ ಕರೆಯುವುದು. ಅವರು ನನ್ನನ್ನು ಕರೆಯುವುದು ಭಟ್ರೆ ಎಂದು, ನಾನು ಒಂದು ದಿನವೂ ಪೂಜೆ ಮಾಡದಿದ್ದರೂ. ಹಿಲರಿಯವರು ಪ್ಲಗ್ ತೆಗೆದು, ಅಲ್ಲಿ ಗಾಳಿಯ ಒತ್ತಡ ಅಳೆಯುವ ಗೇಜು ಒತ್ತಿಹಿಡಿದು, ನನ್ನಿಂದ ನಾಲ್ಕು ಸಲ ಸ್ಟಾರ್ಟರ್ ತಿರುಗಿಸಿ ನೋಡಿದರು.

"ಎರಡು ಸಿಲಿಂಡರಲ್ಲಿ ದಮ್ಮೇ ಇಲ್ಲ ಭಟ್ರೆ. ವಾಲ್ವು ಸರಿ ಕೂತುಕೊಳ್ಳುವುದಿಲ್ಲ. ಬಾಗಿಲು ಉಂಟು, ಆದರೆ ಹಾಕಿದರೂ ಸಂದಿ ಉಳೀತದೆ. ಗಾಳಿ ಅಲ್ಲೇ ಹೋಗ್ತದೆ."

"ಅದಕ್ಕೆ ಎಂತ ಮಾಡ್ಬೇಕು?"

"ಎಂಜಿನಿನ ಮೇಲಿನ ಹೆಡ್ ಬಿಚ್ಚಿ ಎಂಟೂ ವಾಲ್ವು ಉಜ್ಜಿ ಕೂರಿಸಬೇಕು. ಬಿಚ್ಚಿ ಕೊಡ್ತೇನೆ, ಜೋಡಿಸಿಯೂ ಕೊಡ್ತೇನೆ. ಆದರೆ ನಡುವಿನ ಉಜ್ಜುವ ಕೆಲಸ ನನ್ನಿಂದ ಆಗ್ಲಿಕ್ಕಿಲ್ಲ. ಈ ಭುಜ ನೋಡಿ, ಇಷ್ಟಕ್ಕೇ ನಿಲ್ತದೆ." ಅವರು ಬಲಗೈಯನ್ನು ಎದೆಯವರೆಗೆ ಎತ್ತಿ ತೋರಿಸಿದರು. "ಈಗಿನ ಹುಡುಗರು ಉಜ್ಜುವುದಿಲ್ಲ, ಹೆಡ್ಡನ್ನೇ ಬದಲಾಯಿಸಿ ಅಂತಾರೆ. ಇದರ ಹೆಡ್ ಈಗ ಬರುವುದೂ ಇಲ್ಲ."

ಮನೆಗೆ ಬಂದು ಹೇಳಿದರೆ ವತ್ಸಲ, "ಬಿಡಿ ಇನ್ನು. ಗುಜರಿಯವನಿಗೆ ಹೇಳಿದರೆ ಭಾನುವಾರ ಸಂಜೆ ಬಂದು ಎಳೆದುಕೊಂಡು ಹೋಗ್ತಾನೆ" ಎಂದಳು. ಅವಳು ಹೇಳಿದ್ದು ಸರಿಯೇ. ಆದರೆ ಆ 'ಬಿಡಿ' ಎಂಬ ಮಾತು ನನಗೆ ಎಲ್ಲೋ ಚುಚ್ಚಿತು. ಅರುವತ್ತೊಂದು ವರ್ಷದಿಂದ ನಾನು ಬಿಡುತ್ತಲೇ ಬಂದಿದ್ದೇನೆ.

"ಭಾನುವಾರದ ಒಳಗೆ ಅದು ಸ್ಟಾರ್ಟ್ ಆಗದಿದ್ದರೆ ಒಯ್ಯಲಿ. ವಾಲ್ವು ನಾನು ಉಜ್ತೇನೆ" ಎಂದೆ.

ವತ್ಸಲ ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ನನಗೆ ಕಾರು ಬೇಕಾಗಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ಯಾರೂ ಕೈಯಿಂದ ತೆಗೆದುಕೊಳ್ಳದ ಹಾಗೆ ಒಂದೇ ಒಂದು ಕೆಲಸವನ್ನು ತುದಿ ಮುಟ್ಟಿಸಬೇಕಾಗಿತ್ತು. ಇದನ್ನು ಆ ಹೊತ್ತಿಗೆ ಅವಳಿಗೆ ಹೇಳಲು ನಾಚಿಕೆಯಾಯಿತು.

ಬುಧವಾರ ಹಿಲರಿಯವರು ಹೆಡ್ ಬಿಚ್ಚಿದರು. ವಾಲ್ವು ಎಂಬುದನ್ನು ನೀವು ನೋಡಿರದಿದ್ದರೆ ಹೇಳುತ್ತೇನೆ: ಒಂದು ಉದ್ದನೆಯ ಉಕ್ಕಿನ ಕಡ್ಡಿ, ಅದರ ತುದಿಗೆ ನಾಣ್ಯದಂಥ ಅಗಲ ಮುಖ. ಗಾಳಿ ಒಳಗೆ ಬಿಡುವ ದೊಡ್ಡವು ನಾಲ್ಕು, ಹೊಗೆ ಹೊರಗೆ ಬಿಡುವ ಸಣ್ಣವು ನಾಲ್ಕು. ಒಂದೊಂದಕ್ಕೂ ಹೆಡ್ಡಿನಲ್ಲಿ ಅದರದ್ದೇ ಆದ ಸೀಟು. ಹಿಲರಿಯವರ ಹೆಂಡತಿ ಕೇಕ್ ಮಾಡಿ ಮಾರುವವರಾದ್ದರಿಂದ ಆ ಗ್ಯಾರೇಜಿನಲ್ಲಿ ಮೊಟ್ಟೆಯ ಟ್ರೇಗಳಿಗೆ ಬರವಿಲ್ಲ. ಒಂದು ಟ್ರೇಯ ಗುಳಿಗಳಲ್ಲಿ ಎಂಟು ವಾಲ್ವುಗಳನ್ನು ಸಾಲಾಗಿ ನೆಟ್ಟು, ಪ್ರತಿಯೊಂದರ ಪಕ್ಕ ಪೆನ್ನಿನಿಂದ ನಂಬರು ಬರೆದರು.

"ಈ ಸಾಲು ಮಾತ್ರ ತಪ್ಪಿಸಬೇಡಿ ಭಟ್ರೆ. ಗಂಡ ಹೆಂಡತಿ ಇದ್ದ ಹಾಗೆ ಇದು. ಇಪ್ಪತ್ತೆರಡು ವರ್ಷ ಒಂದೇ ಸೀಟಿಗೆ ಉಜ್ಜಿ ಉಜ್ಜಿ ಹೊಂದಿಕೊಂಡಿದೆ. ಅದಲುಬದಲು ಆದರೆ ಮತ್ತೆ ಮೊದಲಿನಿಂದ ಜಗಳ."

ಹೆಡ್ಡನ್ನು ಗೋಣಿಯಲ್ಲಿ ಸುತ್ತಿ, ಟ್ರೇಗೆ ಪೇಪರು ಮುಚ್ಚಿ, ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ಮೊಟ್ಟೆಯ ಟ್ರೇಯನ್ನು ಒಳಗೆ ಒಯ್ಯುವಷ್ಟು ಧೈರ್ಯ ನನಗಿಲ್ಲ. ಜಗಲಿಯ ಮೂಲೆಯಲ್ಲಿಟ್ಟೆ. ಮರುದಿನ ಬೆಳಗ್ಗೆ ಉಜ್ಜುವ ಪೇಸ್ಟು ತರಲು ಕುದ್ರೋಳಿಯ ಒಂದು ಅಂಗಡಿಗೆ ಹೋದೆ. ಒಂದೇ ಡಬ್ಬಿ, ಒಂದು ಬದಿ ತೆಗೆದರೆ ತರಿ ಪೇಸ್ಟು, ಇನ್ನೊಂದು ಬದಿ ನಯ ಪೇಸ್ಟು. ಅಂಗಡಿಯವರು ಕೋಲನ್ನೂ ಕೊಟ್ಟು, "ಗ್ಯಾರೇಜು ಎಲ್ಲಿ ನಿಮ್ಮದು?" ಎಂದು ಕೇಳಿದರು. ನಾನು ಸ್ವಲ್ಪ ನೆಟ್ಟಗೆ ನಿಂತುಕೊಂಡೆ.

ಹಿಂದಿರುಗಿ ಬಂದಾಗ ಅಂಗಳದ ಬಿಸಿಲಿನಲ್ಲಿ ಬಿದಿರಿನ ಗೆರಸೆ. ಗೆರಸೆಯ ಮೇಲೆ ಬಿಳಿ ಬಟ್ಟೆ. ಬಟ್ಟೆಯ ಮೇಲೆ ತಿಕ್ಕಲು ತಂದಿದ್ದ ದೇವಸ್ಥಾನದ ನಾಲ್ಕು ಕಾಲುದೀಪ, ಹಲವು ಬತ್ತಿಗಳ ಎರಡು ಹಲಗಾರತಿ, ಅವುಗಳ ಪಕ್ಕದಲ್ಲಿ ನನ್ನ ಎಂಟು ವಾಲ್ವುಗಳು, ದೊಡ್ಡವು ಒಂದು ಕಡೆ, ಸಣ್ಣವು ಒಂದು ಕಡೆ, ಬಹಳ ಶಿಸ್ತಾಗಿ.

"ಅಮ್ಮಾ, ಇದು ಇದ್ದ ಟ್ರೇ ಎಲ್ಲಿ?"

"ಮೊಟ್ಟೆದ್ದಲ್ವಾ ಅದು? ಬಚ್ಚಲ ಒಲೆಗೆ ಹಾಕಿದೆ." ಅಮ್ಮ ಜಗಲಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ದೀಪದ ಕಾಲುಗಳನ್ನು ಯಾರಾದರೂ ಮೊಟ್ಟೆಯ ತಟ್ಟೆಯಲ್ಲಿ ಇಟ್ಟು ಕೊಡ್ತಾರಾ ಮಗಾ? ಮೈಲಿಗೆ ಆಯ್ತಲ್ಲ ಅಂತ ಹುಳಿ, ಬೂದಿ ಹಾಕಿ ತಿಕ್ಕಿದೆ. ಕರಿ ಮಾತ್ರ ಪೂರ್ತಿ ಹೋಗ್ಲಿಲ್ಲ. ಇಷ್ಟು ವರ್ಷ ತೊಳೆಯದೆ ಇಟ್ಟ ಪುಣ್ಯಾತ್ಮ ಯಾರು?"

ಆ ಪುಣ್ಯಾತ್ಮ ನಾನೇ ಎಂದು ಹೇಳಬೇಕಾಯಿತು. ಇವು ದೀಪದ ಕಾಲಲ್ಲ, ಕಾರಿನವು, ಟ್ರೇಯಲ್ಲಿ ನಂಬರು ಇತ್ತು ಎಂದು ವಿವರಿಸಿದಾಗ ಅಮ್ಮನ ಕೈಯ ಬತ್ತಿ ಅರ್ಧಕ್ಕೆ ನಿಂತಿತು. ಜಗಲಿಯ ಮೆಟ್ಟಿಲಲ್ಲಿ ಕೂತು ನಾನು ಪರೀಕ್ಷಾ ವಿಭಾಗದ ಹಳೆಯ ಗುಮಾಸ್ತನ ಬುದ್ಧಿಯಿಂದ ಲೆಕ್ಕ ಹಾಕಿದೆ. ದೊಡ್ಡ ನಾಲ್ಕನ್ನು ಜೋಡಿಸಲು ಇಪ್ಪತ್ತನಾಲ್ಕು ಬಗೆ, ಸಣ್ಣವಕ್ಕೂ ಇಪ್ಪತ್ತನಾಲ್ಕು. ಒಟ್ಟು ಐನೂರ ಎಪ್ಪತ್ತಾರು ಬಗೆ, ಅದರಲ್ಲಿ ಸರಿಯಾದದ್ದು ಒಂದೇ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಎನ್ನುತ್ತಾರಲ್ಲ. ನನ್ನ ಪಾಲಿಗೆ ಹುಣಸೆಹಣ್ಣು ಕೂಡ ನಿಜವಾಗಿಯೇ ಇತ್ತು.

ಹಿಲರಿಯವರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು, "ಎಂತ, ಹುಳಿ ಹಾಕಿದ್ದಾ?" ಎಂದು ಕೇಳಿದರು. ನಕ್ಕು ಮುಗಿಸಿ, "ಇನ್ನು ಯಾವುದು ಯಾರದ್ದು ಅಂತ ದೇವರಿಗೂ ಗೊತ್ತಾಗ್ಲಿಕ್ಕಿಲ್ಲ. ಸಿಕ್ಕಿದ್ದನ್ನು ಸಿಕ್ಕಿದ ಸೀಟಿಗೆ ಹಾಕಿ, ತರಿ ಪೇಸ್ಟಿನಿಂದ ಸುರು ಮಾಡಿ ಹೊಸತಾಗಿ ಕೂರಿಸಿ. ಮೊದಲಿನ ಎರಡರಷ್ಟು ಕೆಲಸ. ಆಗ್ತದಾ ನಿಮ್ಮಿಂದ?" ಎಂದರು.

"ಆಗ್ತದೆ" ಎಂದೆ. ಆಗುತ್ತದೆಯೆಂದು ನನಗೆ ಗೊತ್ತಿತ್ತು ಎಂದಲ್ಲ. ಆಗದೆ ಬಿಡಬಾರದು ಎಂದು ಮಾತ್ರ ಗೊತ್ತಿತ್ತು.

ಆ ಮಧ್ಯಾಹ್ನವೇ ಜಗಲಿಯಲ್ಲಿ ಗೋಣಿ ಹಾಸಿ ಕೂತೆ. ಕೆಲಸ ಹೇಳಲು ಸುಲಭ. ವಾಲ್ವಿನ ಅಂಚಿಗೆ ಪೇಸ್ಟು ಹಚ್ಚಿ ಸೀಟಿನಲ್ಲಿ ಇಳಿಸಬೇಕು, ಕೋಲಿನ ರಬ್ಬರು ಬಟ್ಟಲನ್ನು ಒದ್ದೆ ಮಾಡಿ ಅದರ ಮುಖಕ್ಕೆ ಅಂಟಿಸಬೇಕು, ಕೋಲನ್ನು ಎರಡು ಅಂಗೈಗಳ ನಡುವೆ ಹಿಡಿದು ಹಿಂದೆ ಮುಂದೆ ಉರುಳಿಸಬೇಕು, ನಡುನಡುವೆ ಎತ್ತಿ ಒಂದಿಷ್ಟು ತಿರುಗಿಸಿ ಮತ್ತೆ ಇಳಿಸಬೇಕು. ಅಂಚಿನ ಸುತ್ತ ಎಲ್ಲೂ ಕಡಿಯದ ಬೂದು ಬಣ್ಣದ ಉಂಗುರ ಮೂಡಿದರೆ ಕೂತಿತು ಎಂದು ಅರ್ಥ. ನನ್ನ ಕೋಲು ಹತ್ತು ಸುತ್ತಿಗೊಮ್ಮೆ ವಾಲ್ವಿನಿಂದ ಬಿಟ್ಟು ಹಾರಿ ದಾಸವಾಳದ ಗಿಡಕ್ಕೆ ಬೀಳುತ್ತಿತ್ತು. ಸಂಜೆಯ ಹೊತ್ತಿಗೆ ಅಂಗೈಯಲ್ಲಿ ಎರಡು ಗುಳ್ಳೆಗಳು ಎದ್ದಿದ್ದವು. ಎದ್ದ ಉಂಗುರ ಮಾತ್ರ ಅರ್ಧ.

ಶುಕ್ರವಾರ ಅಮ್ಮ ಎದುರಿಗೆ ಬಂದು ಕೂತರು. ಬೆಳಗ್ಗೆಯೇ ಅವರ ಮುಖ ಸಪ್ಪೆಯಾಗಿತ್ತು. ತಾನು ಮಾಡಿದ್ದು ಸರಿಯಾಗಲಿಲ್ಲವೆಂಬುದು ಅವರನ್ನು ಕೊರೆಯುತ್ತಿತ್ತು. ನನ್ನ ಒದ್ದಾಟವನ್ನು ಸ್ವಲ್ಪ ಹೊತ್ತು ನೋಡಿ, "ಕೊಡು ಇಲ್ಲಿ" ಎಂದರು.

ಕೊಟ್ಟೆ. ಕೊಟ್ಟೇ ಅಭ್ಯಾಸ. ಅಮ್ಮ ಕೋಲನ್ನು ಅಂಗೈಗಳ ನಡುವೆ ಇಟ್ಟುಕೊಂಡು ಬತ್ತಿ ಹೊಸೆದ ಹಾಗೆಯೇ ಹೊಸೆದರು. ಅರುವತ್ತೈದು ವರ್ಷದಿಂದ ದಿನಕ್ಕೆ ನೂರು ಬತ್ತಿ ಹೊಸೆದ ಕೈ ಅದು. ಕೋಲು ಹಾರಲಿಲ್ಲ, ಅಲುಗಲಿಲ್ಲ. ಮೊದಲು ಮರಳಿನ ಮೇಲೆ ನಡೆದಂಥ ಕರಕರ ಸದ್ದು, ಆಮೇಲೆ ಮೆಲ್ಲಗೆ ಸೊಯ್ ಎನ್ನುವ ಸದ್ದು. ಹೀಗೆ ಮೂರು ವಾಲ್ವು ಅವರು ಮುಗಿಸಿದರು, ಐದು ನಾನು ಮುಗಿಸಿದೆ. ಯಾವುದನ್ನೂ ಅದರ ಸೀಟಿನಿಂದ ಬೇರೆ ಮಾಡಲಿಲ್ಲ.

ಶನಿವಾರ ಬೆಳಗ್ಗೆ ಗ್ಯಾರೇಜಿನಲ್ಲಿ ಪರೀಕ್ಷೆ. ಹಿಲರಿಯವರು ಪೇಸ್ಟನ್ನೆಲ್ಲ ತೊಳೆದು, ಸ್ಪ್ರಿಂಗ್ ಹಾಕಿ, ಹೆಡ್ಡನ್ನು ಕವುಚಿಟ್ಟು ಗುಳಿಗಳಿಗೆ ಪೆಟ್ರೋಲು ಹೊಯ್ದರು. ವಾಲ್ವು ಸರಿಯಾಗಿ ಕೂತಿದ್ದರೆ ಪೆಟ್ರೋಲು ಅಲ್ಲೇ ನಿಲ್ಲಬೇಕು. ನಾವಿಬ್ಬರೂ ಬಗ್ಗಿ ಕೆಳಗಿನ ದ್ವಾರಗಳನ್ನು ನೋಡಿದೆವು. ಎರಡು ನಿಮಿಷಕ್ಕೆ ಒಂದು ಕಡೆಯಿಂದ ಹನಿ ಬಿತ್ತು. ಆಮೇಲೆ ಇನ್ನೊಂದು. ಕೊನೆಗೆ ಲೆಕ್ಕ ಮಾಡಿದರೆ ಐದು ಸೋರುತ್ತಿದ್ದವು, ಮೂರು ಒಣಗಿದ್ದವು. ಯಾವ ಐದು, ಯಾವ ಮೂರು ಎಂದು ನಿಮಗೆ ಹೇಳಬೇಕಾಗಿಲ್ಲ.

"ಈ ಮೂರು ಯಾರು ಮಾಡಿದ್ದು?" ಹಿಲರಿಯವರು ಕೇಳಿದರು.

"ಅಮ್ಮ."

ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಹಾಗಾದರೆ ಉಳಿದದ್ದನ್ನೂ ಅವರಿಗೇ ಕೊಟ್ಟುಬಿಡಿ ಮಾರಾಯ್ರೆ. ನಾಳೆ ಬೆಳಗ್ಗೆ ತಂದರೆ ಮಧ್ಯಾಹ್ನ ಜೋಡಿಸಬಹುದು. ಸಂಜೆ ಗುಜರಿಯವನು ಬರ್ತಾನೆ ಅಂತೀರಲ್ಲ" ಎಂದು ಐದರ ಸ್ಪ್ರಿಂಗ್ ತೆಗೆದುಕೊಟ್ಟರು.

ರಿಕ್ಷಾದಲ್ಲಿ ಹೆಡ್ಡನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ನನಗೆ ನಿಜವಾಗಿಯೂ ಅಳು ಬಂತು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅಮ್ಮನಿಗೆ ಕೊಟ್ಟರೆ ಸಂಜೆಯೊಳಗೆ ಐದೂ ಮುಗಿಯುತ್ತವೆ, ಕಾರು ಉಳಿಯುತ್ತದೆ. ಉಳಿದ ಕಾರನ್ನು ಓಡಿಸುವಾಗಲೆಲ್ಲ ಅದು ಯಾರ ಕೈಯ ಕೆಲಸ ಎಂದು ನನಗೆ ನೆನಪಾಗುತ್ತದೆ. ನಾನೇ ಮಾಡಿದರೆ ಕಾರೂ ಹೋಗಬಹುದು. ರಿಕ್ಷಾ ಮಂಗಳಾದೇವಿ ದೇವಸ್ಥಾನದ ಹತ್ತಿರ ಬರುವವರೆಗೂ ಇದನ್ನೇ ಹಿಂದೆ ಮುಂದೆ ಉರುಳಿಸುತ್ತಿದ್ದೆ.

ಮನೆಯಲ್ಲಿ ವತ್ಸಲ ಆಗಲೇ ಹಿಲರಿಯವರಿಂದ ಫೋನಿನಲ್ಲಿ ಸುದ್ದಿ ತಿಳಿದುಕೊಂಡಿದ್ದಳು. ಜಗಲಿಯಲ್ಲಿ ಗೋಣಿ ಹಾಸಿತ್ತು. ಅಮ್ಮ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈ ತೊಳೆದು, ಮಣೆಯ ಮೇಲೆ ಕೂತಿದ್ದರು. ಕೈ ಚಾಚಿದರು.

"ಬಿಡು ಮಗಾ, ನಾನು ಮಾಡ್ತೇನೆ."

"ಬೇಡ ಅಮ್ಮ."

"ಹಟ ಮಾಡ್ಬೇಡ. ನಾಳೆ ಅವನು ಬಂದು ಕಾರು ಒಯ್ದರೆ?"

"ಒಯ್ದರೆ ಒಯ್ಯಲಿ. ಇದನ್ನು ನಾನೇ ಮಾಡ್ಬೇಕು. ನೀವು ಯಾವಾಗಲೂ ತಕ್ಕೊಂಡುಬಿಡ್ತೀರಿ. ನನಗೆ ಒಂದು ಕೆಲಸವೂ ಕಲಿಯಲಿಕ್ಕೆ ಆಗಲಿಲ್ಲ."

ಇಷ್ಟು ಗಟ್ಟಿಯಾಗಿ ನಾನು ಅಮ್ಮನೊಡನೆ ಮಾತಾಡಿದ್ದು ಅದೇ ಮೊದಲು. ಒಳಗೆ ವತ್ಸಲಳ ಪಾತ್ರೆಯ ಸದ್ದು ನಿಂತಿತು. ಅಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ಅವರ ಮುಖ ನೋಡುವ ಧೈರ್ಯವಾಗದೆ ನಾನು ತರಿ ಪೇಸ್ಟಿನ ಮುಚ್ಚಳ ತೆಗೆದೆ. ಕೋಲು ಮಾತ್ರ ಕೊಡಲಿಲ್ಲ.

ನಾನು ಒಂದು ವಾಲ್ವಿಗೆ ಪೇಸ್ಟು ಹಚ್ಚಿ ಇಳಿಸಿದ ಮೇಲೆ ಅಮ್ಮ ಕೇಳಿದರು: "ಮಾಡುವುದಿಲ್ಲ. ಹೇಳ್ಲಿಕ್ಕೆ ಅಡ್ಡಿ ಉಂಟಾ?"

"ಇಲ್ಲ, ಹೇಳಿ."

"ಒತ್ತಬೇಡ. ನೀನು ಸಣ್ಣದಿರುವಾಗಿನಿಂದಲೂ ಎಲ್ಲವನ್ನೂ ಒತ್ತುತ್ತೀ. ಗಂಧವನ್ನೂ ಹಾಗೇ ಒತ್ತುತ್ತಿದ್ದೆ. ಕೈಯ ಭಾರ ಸಾಕು. ಮತ್ತೆ ಕಣ್ಣು ಮುಚ್ಚಿ ಕೇಳು. ಕರಕರ ಇರುವಾಗ ನಿಲ್ಲಿಸಬೇಡ."

ಐವತ್ತು ವರ್ಷದ ಹಿಂದೆಯೇ ಇದನ್ನು ಹೇಳಿದ್ದರೆ ನಾನು ಅರ್ಚಕನಾಗುತ್ತಿದ್ದೆನೋ ಏನೋ. ಕಣ್ಣು ಮುಚ್ಚಿ ಉರುಳಿಸಿದೆ. ಗುಳ್ಳೆ ಒಡೆದು ಕೋಲಿಗೆ ನೀರು ಹತ್ತಿತು; ವತ್ಸಲ ನನ್ನ ಅಂಗೈಗೆ ಹಳೆಯ ಪಂಚೆಯ ತುಂಡು ಸುತ್ತಿ ಹೋದಳು. ಕರಕರ ಕಡಿಮೆಯಾಗುತ್ತಾ ಬಂದಾಗ ತೆಗೆದು ನೋಡಿದರೆ ಉಂಗುರ ಒಂದು ಕಡೆ ಕೂದಲಿನಷ್ಟು ಕಡಿದಿತ್ತು. ಮತ್ತೆ ಪೇಸ್ಟು, ಮತ್ತೆ ಉರುಳಿಸುವುದು. ಅಮ್ಮ ನಾಲ್ಕೈದು ಸಲ ಮುಂದಕ್ಕೆ ಬಗ್ಗಿ, ನೆನಪಾಗಿ, ಹಿಂದಕ್ಕೆ ಕೂತರು. ಒಮ್ಮೆಯಂತೂ ತನ್ನ ಒಂದು ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು. ನನಗೆ ಕೆಲಸ ಮಾಡುವುದು ಎಷ್ಟು ಕಷ್ಟವಾಗುತ್ತಿತ್ತೋ, ಅವರಿಗೆ ಮಾಡದೆ ಕೂರುವುದು ಅದಕ್ಕಿಂತ ಕಷ್ಟವಾಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ನಾಲ್ಕು ಮುಗಿದವು. ಐದನೆಯದನ್ನು ಭಾನುವಾರ ಬೆಳಗ್ಗೆ ಸ್ನಾನಕ್ಕೆ ಮೊದಲೇ ಮುಗಿಸಿದೆ.

ಹಿಲರಿಯವರು ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬಂದವರು ಬಿಳಿ ಅಂಗಿ ಬದಲಾಯಿಸದೆಯೇ ಪೆಟ್ರೋಲು ಹೊಯ್ದರು. ಎರಡು ನಿಮಿಷ. ಐದು ನಿಮಿಷ. ಒಂದೊಂದು ದ್ವಾರಕ್ಕೂ ಬೆರಳು ಹಾಕಿ ತೆಗೆದು ನೋಡಿದರು. ಎಂಟೂ ಒಣಗಿದ್ದವು.

"ಇದು ಅಮ್ಮನೇ ಮಾಡಿದ್ದಲ್ವಾ?"

"ಅಲ್ಲ" ಎಂದು ಪಂಚೆಯ ತುಂಡು ಬಿಚ್ಚಿ ಅಂಗೈ ತೋರಿಸಿದೆ. ಅವರು ಅದನ್ನು ನೋಡಿ, ಅಂಗಿ ಬದಲಾಯಿಸಲು ಒಳಗೆ ಹೋದರು.

ಹೆಡ್ಡು ಕೂರಿಸಿ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಒಂದೊಂದಾಗಿ ಬಿಗಿಯುವಾಗ ಅವರು ಬಾಯಲ್ಲಿ ಹೇಳಿದರು, ನಾನು ತಿರುಗಿಸಿದೆ. ಮೂರೂವರೆಗೆ ಕೀ ತಿರುಗಿಸಿದರೆ ಎಂಜಿನ್ ಬರೀ ಕೆಮ್ಮಿತು. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಬಿಳಿ ಹೊಗೆ ಉಗುಳಿ, ಒಮ್ಮೆ ಮುಗ್ಗರಿಸಿ, ಆಮೇಲೆ ಒಂದೇ ಸಮನೆ ಓಡತೊಡಗಿತು. ನಡುಕ ಇರಲಿಲ್ಲ. ಹಿಲರಿಯವರು ಎಂಜಿನಿನ ಮೇಲೆ ಅಂಗೈ ಇಟ್ಟು, "ಕೂತಿತು ಭಟ್ರೆ" ಎಂದರು. ಗುಜರಿಯವನಿಗೆ ಬರಬೇಡ ಎಂದು ಫೋನು ಮಾಡಿದ್ದು ವತ್ಸಲಳೇ.

ಕಾರನ್ನು ತಂದು ನಿಲ್ಲಿಸಿದಾಗ ಅಮ್ಮ ಹೊರಗೆ ಬಂದು ಒಂದು ಸುತ್ತು ನೋಡಿ, ಏನೂ ಹೇಳದೆ ಒಳಗೆ ಹೋದರು. ಶನಿವಾರದ ನನ್ನ ಮಾತು ಇನ್ನೂ ಅವರ ಮನಸ್ಸಿನಲ್ಲಿದೆ ಎಂದು ನನಗೆ ಆ ರಾತ್ರಿ ಊಟ ರುಚಿಸಲಿಲ್ಲ.

ಮರುದಿನ ಬೆಳಗ್ಗೆ ಪೇಪರು ಓದುತ್ತಿದ್ದೆ. ಅಮ್ಮ ಗೋಡೆ ಹಿಡಿದುಕೊಂಡು ಮೆಲ್ಲಗೆ ಬಂದು ನನ್ನ ಮುಂದೆ ನಿಂತರು. ಅವರ ಕೈಯಲ್ಲಿ ಅವರ ಕನ್ನಡಕ, ಒಂದು ಕಾಲು ಕಳಚಿಕೊಂಡದ್ದು. ಇನ್ನೊಂದು ಕೈಯ ಮುಷ್ಟಿಯಲ್ಲಿ ಸಾಸಿವೆಯಷ್ಟು ದೊಡ್ಡ ಸ್ಕ್ರೂ. ಆ ಕನ್ನಡಕ ಇಲ್ಲದಿದ್ದರೆ ಅವರಿಗೆ ಎದುರಿಗೆ ಇರುವವರು ಯಾರೆಂದು ತಿಳಿಯುವುದಿಲ್ಲ. ಬೇರೆ ಕನ್ನಡಕ ಅವರಲ್ಲಿ ಇಲ್ಲ.

"ಇದು ಬಿಟ್ಟುಹೋಯ್ತು. ನಿನ್ನಿಂದ ಆಗ್ತದಾ ನೋಡು."

ಎರಡನ್ನೂ ನನ್ನ ಅಂಗೈಯಲ್ಲಿ ಇಟ್ಟು, ತಡಕಿಕೊಂಡು ಹೋಗಿ ಎದುರಿನ ಕುರ್ಚಿಯಲ್ಲಿ ಕೂತರು. ನಾನು ಸಣ್ಣ ತಿರುಪುಳಿ ತಂದು ಬಗ್ಗಿದೆ. ಸ್ಕ್ರೂ ಕೈ ಜಾರಿ ಎರಡು ಸಲ ನೆಲಕ್ಕೆ ಬಿತ್ತು. ಬಿದ್ದ ಸದ್ದು ಅಮ್ಮನಿಗೂ ಕೇಳಿಸಿತು. ಅವರು ಕೈ ಚಾಚಲಿಲ್ಲ. ಕಾಣದ ಕಣ್ಣುಗಳನ್ನು ನನ್ನ ಕಡೆಗೇ ಇಟ್ಟುಕೊಂಡು, ಮುಗಿಯುವವರೆಗೆ ಕಾದರು.